30 ಬಟನ್ ಇಂಗ್ಲಿಷ್ ಕಾನ್ಸರ್ಟೀನಾ: 14 ತಿಂಗಳು ನುಡಿಸಿದ ಮೇಲೆ ಬಟನ್ ಲೇಔಟ್ ಬಗ್ಗೆ

ಕಾನ್ಸರ್ಟೀನಾ ಅಂದ್ರೆ ಎರಡು ಕೈಯಲ್ಲಿ ಹಿಡಿದು, ನಡುವಿನ ಬೆಲ್ಲೋಸನ್ನ (ಮಡಿಕೆ ಮಡಿಕೆಯಾಗಿರೋ ಗಾಳಿ ತಿದಿ) ಎಳೆದು ತಳ್ಳಿ, ಎರಡು ತುದಿಯ ಬಟನ್ ಒತ್ತಿ ನುಡಿಸೋ ಪುಟ್ಟ ವಾದ್ಯ. ತೂಕ ಎಷ್ಟು, ಅಗಲ ಎಷ್ಟು ಅನ್ನೋದೆಲ್ಲ ನೀವು ಆಗಲೇ ನೋಡಿರ್ತೀರ, ನಾನು ಬರೀತಿರೋದು ಬಟನ್‌ಗಳ ಜಾಗದ ಬಗ್ಗೆ ಮಾತ್ರ. ಮೊದಲ ಎರಡು ತಿಂಗಳು ಇದನ್ನ ವಾಪಸ್ ಕೊಟ್ಬಿಡೋಣ ಅಂತ ಎಷ್ಟು ಸಲ ಅನ್ನಿಸ್ತೋ ಲೆಕ್ಕ ಇಲ್ಲ, ಅಷ್ಟಕ್ಕೂ ಕಾರಣ ಈ ಲೇಔಟೇ.

ಕೀಬೋರ್ಡೋ ಹಾರ್ಮೋನಿಯಮ್ಮೋ ಮುಟ್ಟಿದ ಕೈಗೆ ಸ್ವರಗಳು ಎಡದಿಂದ ಬಲಕ್ಕೆ ಸಾಲಾಗಿ ಇರತ್ತೆ ಅಂತ ಗಟ್ಟಿಯಾಗಿ ಕೂತುಬಿಟ್ಟಿರತ್ತೆ. ಇಲ್ಲಿ ಹಾಗಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳನ್ನ ಸಿ, ಡಿ, ಇ, ಎಫ್, ಜಿ, ಎ, ಬಿ ಅಂತಾರಲ್ಲ, ಅದ್ರಲ್ಲಿ ಸಿ ಎಡಗೈಲಿ, ಡಿ ಬಲಗೈಲಿ, ಇ ಮತ್ತೆ ಎಡಗೈಲಿ, ಎಫ್ ಬಲಗೈಲಿ, ಹೀಗೆ ಸ್ವರಕ್ಕೊಂದು ಸಲ ಕೈ ಬದಲಾಗ್ತಾನೇ ಹೋಗತ್ತೆ. ಸ್ವರ ಏಳು, ಏಳು ಬೆಸ ಸಂಖ್ಯೆ ಅಲ್ವಾ, ಅದಕ್ಕೆ ಕೆಳಗಿನ ಸಿ ಎಡಗಡೆ ಇದ್ರೆ ಒಂದು ಆಕ್ಟೇವ್ (ಏಳು ಸ್ವರದ ಒಂದು ಸುತ್ತು) ಮೇಲಿನ ಸಿ ಬಲಗಡೆ ಹೋಗಿ ಕೂತಿರತ್ತೆ, ಹಾಗಾಗಿ ಕೆಳಗೆ ಕಷ್ಟಪಟ್ಟು ಕಲಿತ ಟ್ಯೂನನ್ನ ಮೇಲೆ ನುಡಿಸೋಕೆ ಹೋದ್ರೆ ಎರಡು ಕೈಯ ಕೆಲಸ ಅದಲು ಬದಲಾಗಿ ಮತ್ತೆ ಮೊದಲಿಂದ ಕಲಿತ ಹಾಗೇ.

ಜೊತೆಗೆ ಬಂದಿದ್ದ ಪುಸ್ತಕದಲ್ಲಿ ಒಂದು ಚಾರ್ಟ್ ಇತ್ತು. ಅದನ್ನ ಹೊರಗಿಂದ ನೋಡ್ಬೇಕೋ ನುಡಿಸೋರ ಕಡೆಯಿಂದ ನೋಡ್ಬೇಕೋ ಅಂತ ಎಲ್ಲೂ ಬರೆದಿರಲಿಲ್ಲ, ನಾನು ಒಂದು ವಾರ ಎಡಗೈದನ್ನ ತಿರುಗಾ ಮುರುಗಾ ಓದ್ಕೊಂಡು ಒತ್ತಿದ್ದೀನಿ. ಇದಕ್ಕೆ ನಿಜಕ್ಕೂ ಬೇಜಾರಿದೆ. ಹೊಸಬರಿಗೆ ಅಂತಲೇ ಮಾರೋ ವಾದ್ಯಕ್ಕೆ ಒಂದು ಸಾಲು ವಿವರಣೆ ಹಾಕೋಕೆ ಏನು ಕಷ್ಟ? ಆಮೇಲೆ ಪುಟ್ಟ ಸ್ಟಿಕ್ಕರ್ ಅಂಟಿಸಿದೆ, ಅದೂ ಕೆಲಸಕ್ಕೆ ಬರಲಿಲ್ಲ, ಯಾಕಂದ್ರೆ ನುಡಿಸೋವಾಗ ಬಟನ್ ಇರೋ ಎರಡು ಮುಖಾನೂ ಆಚೀಚೆ ತಿರುಗಿರತ್ತೆ, ಕಣ್ಣಿಗೆ ಬೀಳೋದು ಬೆಲ್ಲೋಸಿನ ಮಡಿಕೆ ಮಾತ್ರ. ಹಳೇ ಕಾಲದ ಎಷ್ಟೋ ಕಾನ್ಸರ್ಟೀನಾಗಳಲ್ಲಿ ಸಿ ಬಟನ್ನಿಗೆ ಕೆಂಪು ಬಣ್ಣ ಇರ್ತಿತ್ತು. ನಂದ್ರಲ್ಲಿ ಎಲ್ಲಾ ಒಂದೇ ಬಣ್ಣ. ಶುರು ಮಾಡೋ ಮುಂಚೆ ಒಂದ್ಸಲ ಬೆರಳು ಎಲ್ಲಿಡಬೇಕು ಅಂತ ನೋಡ್ಕೊಳ್ಳೋಕೆ ಆ ಕೆಂಪು ಸಾಕಾಗ್ತಿತ್ತು.

ಬದಲಾಗಿದ್ದು ರಾತ್ರಿ ಅಭ್ಯಾಸದಿಂದ. ನಂಗೆ ಬಿಡುವು ಸಿಗೋದು ಎಲ್ಲರೂ ಮಲಗಿದ ಮೇಲೆ, ಒಂದು ಇಪ್ಪತ್ತು ನಿಮಿಷ. ಸದ್ದು ಮಾಡೋ ಹಾಗಿಲ್ಲ. ಅದಕ್ಕೆ ವಾದ್ಯದ ಎಡ ತುದೀನ ತೊಡೆ ಮೇಲಿಟ್ಟು, ಹೆಬ್ಬೆರಳು ಎರಡೂ ಪಟ್ಟಿಯೊಳಗೆ ತೂರಿಸಿ, ಕಿರುಬೆರಳನ್ನ ಲೋಹದ ತಟ್ಟೆಗೆ ಕೊಟ್ಟು, ಬೆಲ್ಲೋಸ್ ಅಲ್ಲಾಡಿಸದೇ ಬರೀ ಬಟನ್ ಒತ್ತೋಕೆ ಶುರು ಮಾಡಿದೆ. ಗಾಳಿ ಇಲ್ದೇ ಇದ್ರೆ ರೀಡ್ (ಗಾಳಿಗೆ ಅದುರಿ ಸದ್ದು ಮಾಡೋ ಲೋಹದ ನಾಲಿಗೆ) ನುಡಿಯಲ್ಲ, ಒಳಗಿನ ಪ್ಯಾಡು ತೂತಿನ ಮೇಲೆ ಬೀಳೋ ಮೆತ್ತಗಿನ ಟಪ್ ಟಪ್ ಅಷ್ಟೇ. ಎಡ, ಬಲ, ಎಡ, ಬಲ. ಆ ಕತ್ತಲಲ್ಲಿ ಕೇಳಿದ್ರೆ ಯಾರೋ ನಿಧಾನಕ್ಕೆ ನಡ್ಕೊಂಡು ಹೋಗ್ತಿರೋ ಹಾಗೆ. ಒಂದು ರಾತ್ರಿ ನನ್ನ ಬೆರಳು ಆ ನಡಿಗೆಗೆ ಹೊಂದ್ಕೊಂಡುಬಿಡ್ತು, ಮಾರನೇ ದಿನ ಸದ್ದು ಮಾಡಿ ನುಡಿಸಿದ್ರೆ ಸ್ಕೇಲ್, ಅಂದ್ರೆ ಸ್ವರಗಳ ಸಾಲು, ತಡವರಿಸದೇ ಬಂತು. ಸ್ಕೇಲ್‌ನಲ್ಲಿ ಒಂದೇ ಕೈಗೆ ಎರಡು ಸ್ವರ ಬೆನ್ನುಬೆನ್ನಿಗೆ ಬರಲ್ಲ, ಅದಕ್ಕೇ ವೇಗ ಇಷ್ಟು ಸಲೀಸು.

ಆಮೇಲೆ ಸ್ಟಾಫ್ ನೊಟೇಶನ್, ಅಂದ್ರೆ ಐದು ಗೆರೆ ಮೇಲೆ ಸ್ವರ ಬರೆಯೋ ಪದ್ಧತಿಯ ಹಾಳೆ ತೆಗೆದೆ, ಅಲ್ಲಿ ಇನ್ನೊಂದು ಖುಷಿ ಕಾದಿತ್ತು. ಗೆರೆ ಮೇಲಿನ ಸ್ವರ ಎಲ್ಲಾ ಎಡಗೈ, ಗೆರೆಗಳ ನಡುವಿನ ಸ್ವರ ಎಲ್ಲಾ ಬಲಗೈ. ಹಾಳೆ ನೋಡಿದ ತಕ್ಷಣ ಯಾವ ಕೈ ಅಂತ ಗೊತ್ತಾಗಿಬಿಡತ್ತೆ! ಇದನ್ನ ಮಾಡಿದ್ದು ಚಾರ್ಲ್ಸ್ ವೀಟ್‌ಸ್ಟೋನ್, ಫಿಸಿಕ್ಸ್‌ನಲ್ಲಿ ವೀಟ್‌ಸ್ಟೋನ್ ಬ್ರಿಡ್ಜ್ ಅಂತ ಓದ್ತೀವಲ್ಲ ಅವರೇ. ಮೊದಲು 1829ರಲ್ಲಿ ಸಿಂಫೋನಿಯಂ ಅನ್ನೋ ಬಾಯಲ್ಲಿ ಊದೋ ವಾದ್ಯಕ್ಕೆ ಈ ಥರ ಎರಡು ಬದಿ ಬಟನ್ ಇಟ್ಟು ಪೇಟೆಂಟ್ ತಗೊಂಡ್ರು, ಕಾನ್ಸರ್ಟೀನಾದ ಪೇಟೆಂಟ್ 1844ರದ್ದು. ಎರಡು ತಿಂಗಳು ತಲೆಬುಡ ಇಲ್ಲದ ಲೇಔಟ್ ಅಂತ ಬೈಕೊಂಡಿದ್ದು ತಪ್ಪು ಅಂತ ಆಗ ಅರ್ಥ ಆಯ್ತು.

ಕಾರ್ಡ್, ಅಂದ್ರೆ ಒಂದಷ್ಟು ಸ್ವರ ಒಟ್ಟಿಗೆ ನುಡಿಸೋದು, ಅದರ ವಿಷಯ ಇನ್ನೂ ಚೆನ್ನ. ಪ್ರತಿ ಬದಿ ನಾಲ್ಕು ಸಾಲು, ನಡುವಿನ ಎರಡರಲ್ಲಿ ಶುದ್ಧ ಸ್ವರಗಳು, ಹೊರಗಿನ ಎರಡರಲ್ಲಿ ಶಾರ್ಪ್ ಫ್ಲಾಟ್‌ಗಳು (ಅರ್ಧ ಸ್ವರ ಏರಿಸಿದ್ದು, ಇಳಿಸಿದ್ದು) ತಂತಮ್ಮ ಸ್ವರದ ಪಕ್ಕದಲ್ಲೇ. ಸಿ-ಇ-ಜಿ ಮೂರೂ ಎಡಗೈಲಿ ಒಂದು ಪುಟ್ಟ ತ್ರಿಕೋನ, ಎಫ್-ಎ-ಸಿ ಬಲಗೈಲಿ ಅದೇ ಥರದ ತ್ರಿಕೋನ, ಜಿ-ಬಿ-ಡಿ ಮತ್ತೆ ಎಡಗೈಲಿ. ಬೆರಳಿಗೆ ಒಂದು ಆಕಾರ ಗೊತ್ತಾದ್ರೆ ಮೂರು ಕಾರ್ಡ್ ಸಿಕ್ಕ ಹಾಗೆ.

ಕಷ್ಟ ಎಲ್ಲಾ ಮುಗೀತು ಅಂತಲ್ಲ. ಸಿಯಿಂದ ಜಿಗೆ ಹೋಗೋ ಜಿಗಿತ, ಅಂದ್ರೆ ಫಿಫ್ತ್, ಒಂದೇ ಸಾಲಲ್ಲಿ ಅಕ್ಕಪಕ್ಕದ ಬಟನ್. ಅದೇ ಬೆರಳನ್ನ ಎತ್ತಿ ಇಟ್ರೆ ನಡುವೆ ಸದ್ದು ಕಡಿಯತ್ತೆ, ಬೆರಳು ಬದಲಾಯಿಸೋಣ ಅಂದ್ರೆ ಮುಂದಿನ ಸ್ವರಕ್ಕೆ ಬೆರಳು ಸಿಗಲ್ಲ. ನಂದ್ರಲ್ಲಿ ಎಡಗಡೆ ಹೊರ ಸಾಲಿನ ಒಂದು ಬಟನ್ ಓರೆಯಾಗಿ ಒತ್ತಿದ್ರೆ ಕೆಳಗೇ ಸಿಕ್ಕಾಕಿಕೊಳ್ಳತ್ತೆ, ನೇರ ಒತ್ತೋದು ರೂಢಿ ಮಾಡ್ಕೊಂಡಿದ್ದೀನಿ. 48 ಬಟನ್ನಿನ ಟ್ರೆಬಲ್ ಅನ್ನೋ ದೊಡ್ಡ ಮಾದರಿಯಲ್ಲಿ ಮೂರೂವರೆ ಆಕ್ಟೇವ್ ಇರತ್ತೆ, ನಂಗೆ ಸದ್ಯಕ್ಕೆ ಅಷ್ಟು ಬೇಕಾಗಿಲ್ಲ, ಅಷ್ಟು ದುಡ್ಡು ಹಾಕೋ ಸ್ಥಿತಿಲೂ ಇಲ್ಲ, ಈ 30ರಲ್ಲೇ ಇನ್ನೂ ಎರಡು ವರ್ಷ ಆರಾಮಾಗಿ ಕಳೀತೀನಿ.

ತಗೊಳ್ಳೋರು ಒಂದು ಮಾತ್ರ ಖಚಿತ ಮಾಡ್ಕೊಳ್ಳಿ. ಆಂಗ್ಲೋ ಅಂತ ಇನ್ನೊಂದು ಥರ ಇದೆ, ಅದ್ರಲ್ಲಿ ಒಂದೇ ಬಟನ್ ಬೆಲ್ಲೋಸ್ ಎಳೆದಾಗ ಒಂದು ಸ್ವರ, ತಳ್ಳಿದಾಗ ಇನ್ನೊಂದು, ಅದ್ರಲ್ಲೂ 30 ಬಟನ್ನಿಂದು ಬರತ್ತೆ. ನಾನು ಬರೆದಿದ್ದು ಯಾವುದೂ ಅದಕ್ಕೆ ಅನ್ವಯಿಸಲ್ಲ. ಇಂಗ್ಲಿಷ್‌ನಲ್ಲಿ ಎಳೆದ್ರೂ ತಳ್ಳಿದ್ರೂ ಸ್ವರ ಒಂದೇ, ಅದಕ್ಕೇ ಟ್ಯೂನಿನಲ್ಲಿ ಉಸಿರು ತಗೊಳ್ಳಬೇಕು ಅನ್ನಿಸೋ ಜಾಗದಲ್ಲೇ ನಾನು ಬೆಲ್ಲೋಸ್ ತಿರುಗಿಸ್ತೀನಿ.