ಡಿಸ್ಕ್, ಡೌನ್‌ಲೋಡ್, ಚಂದಾ: ಮೂರನ್ನೂ ಆಡಿ ನೋಡಿದ ಮೇಲೆ

ಸೋನಿಯ ಗೇಮ್ ಕನ್ಸೋಲ್ ಪಿಎಸ್5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದೆ ಡೌನ್‌ಲೋಡ್ ಮಾಡಿಯೇ ಆಡುವ ಡಿಜಿಟಲ್ ಮಾದರಿಗೆ 39,990. ಮರುವರ್ಷದ ಕೊನೆಗೆ ಎರಡೂ ಐದೈದು ಸಾವಿರ ಏರಿದವು. ಸೋನಿಯ ಹೊಸ ದೊಡ್ಡ ಗೇಮ್‌ಗಳಿಗೂ ಸುಮಾರು ಐದು ಸಾವಿರ ಕೊಡಬೇಕು. ಸಂಬಳ ಮಾತ್ರ ಇದೇ ವೇಗದಲ್ಲಿ ಏರಿಲ್ಲ.

ನನ್ನದು ಡಿಸ್ಕ್ ಮಾದರಿ, ಸುರತ್ಕಲ್‌ನಲ್ಲಿರುವ ತಮ್ಮನದು ಡಿಜಿಟಲ್. ಅವನು ಉಳಿಸಿದ ಹತ್ತು ಸಾವಿರ ಹೆಚ್ಚು ದಿನ ಉಳಿಯಲಿಲ್ಲ. ಹೊಸ ಡಿಸ್ಕ್ ತಂದು, ಕಥೆ ಮುಗಿಸಿ, ಬಿಸಿ ಆರುವ ಮೊದಲೇ ಮಾರಿದರೆ ನನಗೆ ಮೂರು ಸಾವಿರದ ಆಸುಪಾಸು ವಾಪಸ್ ಸಿಗುತ್ತದೆ. ನಾಲ್ಕು ಗೇಮ್ ಹೀಗೆ ಕೈ ಬದಲಾದರೆ ಆ ಹೆಚ್ಚುವರಿ ದುಡ್ಡು ವಸೂಲಿ. ತಮ್ಮ ಡೌನ್‌ಲೋಡ್ ಮಾಡಿದ ಗೇಮ್ ಅವನ ಅಕೌಂಟಿನಲ್ಲೇ ಉಳಿಯುತ್ತದೆ, ಮಾರುವ ಹಾಗಿಲ್ಲ. ಆದರೆ ವರ್ಷ ಕಾದು ಸೇಲ್‌ನಲ್ಲಿ ಅರ್ಧ ಬೆಲೆಗೆ ಕೊಳ್ಳುವ ತಾಳ್ಮೆ ಇದ್ದವರಿಗೆ ಡಿಜಿಟಲ್ ನಷ್ಟವೇನಲ್ಲ.

ಹಳೆ ಡಿಸ್ಕ್ ಕೊಳ್ಳುವಾಗ ನೋಡಿ ಕೊಳ್ಳಬೇಕು ಮಾರಾಯ್ರೆ. ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿದರೆ ಗೀರು ಕಾಣುತ್ತದೆ. ನಡುವಿನ ತೂತಿನ ಸುತ್ತ ಬಿರುಕು ಉಂಟೋ ಅಂತಲೂ ನೋಡಿ. ನಮ್ಮೂರಿನ ಮಳೆಗಾಲದಲ್ಲಿ ಡಬ್ಬಿಯ ಒಳಗಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಚಪ್ಪಲಿ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಎಸೆಯದೆ ನಾನು ಡಿಸ್ಕ್ ಇಡುವ ಪೆಟ್ಟಿಗೆಗೆ ಹಾಕುತ್ತೇನೆ.

ಗೆಳೆಯನ ಎಕ್ಸ್‌ಬಾಕ್ಸ್‌ನಲ್ಲಿ (ಮೈಕ್ರೋಸಾಫ್ಟ್‌ನ ಕನ್ಸೋಲ್) ಗೇಮ್ ಪಾಸ್ ಎಂಬ ತಿಂಗಳ ಚಂದಾದಲ್ಲೂ ಆಡಿದೆ. ನೂರಾರು ಗೇಮ್, ಕೆಲವು ಹೊಸದೂ ಬಿಡುಗಡೆಯ ದಿನವೇ. ಆದರೆ 2025ರ ಅಕ್ಟೋಬರ್‌ನಲ್ಲಿ ಅದರ ದುಬಾರಿ ಮಾದರಿಯಾದ ಅಲ್ಟಿಮೇಟ್ ಚಂದಾ ತಿಂಗಳಿಗೆ 829ರಿಂದ 1,389ಕ್ಕೆ ಹಾರಿತು. ಆ ಲೆಕ್ಕದಲ್ಲಿ ವರ್ಷಕ್ಕೆ 16,668! ದಿನಾ ಆಡುವ ವಿದ್ಯಾರ್ಥಿಗೆ ಸರಿ. ಭಾನುವಾರ ಎರಡು ಗಂಟೆ ಬಿಡುವು ಸಿಗುವ ನನ್ನಂಥವರಿಗೆ ಬೇಡವೇ ಬೇಡ. ಕಟ್ಟುವುದು ನಿಲ್ಲಿಸಿದ ದಿನ ಕೈಯಲ್ಲಿ ಒಂದು ಗೇಮೂ ಇರುವುದಿಲ್ಲ.

ಲ್ಯಾಪ್‌ಟಾಪ್ ಈಗಾಗಲೇ ಇದ್ದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಎಲ್ಲಕ್ಕಿಂತ ಅಗ್ಗ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಂಥದೇ ಇನ್ನೊಂದು ಅಂಗಡಿ ಎಪಿಕ್‌ನಲ್ಲಂತೂ ವಾರವಾರ ಪುಕ್ಕಟೆ ಗೇಮ್. ಹೊಸ ಪಿಸಿ ಕಟ್ಟಿಸುವ ಮಾತು ಬೇರೆ: ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಗಗನಕ್ಕೇರಿದೆ. ಕನ್ಸೋಲ್ ಕೊಳ್ಳುವುದೇ ಆದರೆ ಡಿಸ್ಕ್ ಮಾದರಿಯನ್ನೇ ಕೊಳ್ಳಿ, ಡಿಸ್ಕ್ ಅದಲುಬದಲು ಮಾಡಿಕೊಂಡು ಆಡುವ ಗೆಳೆಯರು ನಾಲ್ಕು ಜನ ಹತ್ತಿರದಲ್ಲಿದ್ದರಂತೂ ಎರಡು ಮಾತಿಲ್ಲ.