ಕಲ್ಲು ಚೆನ್ನಾಗಿದೆ, ಬಿಲ್ ನೋಡ್ಕೊಳ್ಳಿ

ಗೃಹಪ್ರವೇಶ ಹತ್ತಿರ ಬಂದಿತ್ತು, ಮೆಟ್ಟಿಲು ಮತ್ತು ಅಡುಗೆಮನೆ ಕಟ್ಟೆ ಮಾತ್ರ ಬಾಕಿ. ಕೊಪ್ಪಳದಲ್ಲೇ ಒಂದು ಗ್ರಾನೈಟ್ ಅಂಗಡಿಯಲ್ಲಿ ತಗೊಂಡೆವು. ಕಲ್ಲಿನ ಬಗ್ಗೆ ಎರಡು ಮಾತಿಲ್ಲ. ಮೆಟ್ಟಿಲಿಗೆ ಇಳಕಲ್ ಕೆಂಪು ಕಲ್ಲು, ಕಟ್ಟೆಗೆ ಕಪ್ಪು. ಅಮ್ಮನಿಗೆ ಮಾರ್ಬಲ್ ಮೇಲೆ ಆಸೆ ಇತ್ತು, ಆದರೆ ಹುಣಸೆಹುಳಿ, ನಿಂಬೆರಸ ಬಿದ್ದರೆ ಅದರ ಹೊಳಪು ಹೋಗುತ್ತೆ ಅಂತ ಅಂಗಡಿಯವರೇ ಬೇಡ ಅಂದರು, ಮಾರ್ಬಲ್‌ಗೆ ರೇಟ್ ಜಾಸ್ತಿ ಇದ್ದರೂ. ಅದು ಇಷ್ಟ ಆಯ್ತು.

ಬಿಲ್ ಮಾತ್ರ ಬೇರೆ ಕಥೆ. ಚದರಡಿಗೆ ಹೇಳಿದ ರೇಟಲ್ಲಿ ಅಂಚಿನ ಪಾಲಿಶ್, ಸಿಂಕಿಗೆ ಕೊರೆಯೋದು, ಗಾಡಿ ಬಾಡಿಗೆ, ಜಿಎಸ್‌ಟಿ ಯಾವುದೂ ಸೇರಿರಲಿಲ್ಲ! ಕೇಳಿದ್ರೆ "ಎಲ್ಲಾ ಕಡೆ ಹಿಂಗೇ ಸರ್" ಅಂತಾರೆ. ಮುಂಗಡ ಕೊಡೋ ಮೊದಲೇ ಎಲ್ಲ ಬರೆಸಿಕೊಳ್ಳಿ. ಐದಕ್ಕೆ ಮೂರೂವರೆ.