ಬೆಜೈಯ ಅಕ್ಯುಪಂಕ್ಚರ್ ಕ್ಲಿನಿಕ್: ಸೂಜಿಗಿಂತ ಗೋಡೆಯ ಚಿತ್ರಕ್ಕೇ ಜಾಸ್ತಿ ಮಾರ್ಕು

ಮಂಡಿನೋವು ಅಂತ ಮಂಗಳೂರಿನ ಬೆಜೈ ಕಡೆ ಒಂದು ಅಕ್ಯುಪಂಕ್ಚರ್ (ಚೀನೀ ಸೂಜಿ ಚಿಕಿತ್ಸೆ) ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಒಂದು ದೂರೂ ಇದೆ. ನೋವು ಸ್ವಲ್ಪ ಕಮ್ಮಿಯಾಗಿದೆ. ಆದರೆ ಪೂರ್ತಿ ಕ್ರೆಡಿಟ್ ಸೂಜಿಗೆ ಕೊಡಲಾರೆ, ಫೋನ್ ಇಲ್ಲದೆ ಅರ್ಧ ಗಂಟೆ ಮಲಗಿದರೆ ಯಾರಿಗಾದರೂ ಹಾಯೆನಿಸುತ್ತದೆ. ಅಸಲಿ ಸೂಜಿಯನ್ನೂ ತೋರಿಕೆಯ ಸೂಜಿಯನ್ನೂ ಹೋಲಿಸಿದ ಪರೀಕ್ಷೆಗಳಲ್ಲಿ ಎಷ್ಟೋ ಸಲ ವ್ಯತ್ಯಾಸ ಚಿಕ್ಕದೇ.

ಡಾಕ್ಟರ್ ವಿವರಿಸುವ ರೀತಿಗೆ ಮಾತ್ರ ಫುಲ್ ಮಾರ್ಕ್ಸ್. ಮೊದಲು ಎರಡೂ ಕೈಯ ನಾಡಿಯ ಮೇಲೆ ಮೂರು ಬೆರಳಿಡುತ್ತಾರೆ. ಒಂದೊಂದು ಬೆರಳಿಗೆ ಒಂದೊಂದು ಅಂಗ: ಎಡಗೈಯಲ್ಲಿ ಹೃದಯ, ಲಿವರ್, ಕಿಡ್ನಿ. ಬಲಗೈಯಲ್ಲಿ ಶ್ವಾಸಕೋಶ, ಸ್ಪ್ಲೀನ್ (ಗುಲ್ಮ), ಮತ್ತೆ ಕಿಡ್ನಿ. ನಮ್ಮ ಪಂಡಿತರೂ ಮೂರೇ ಬೆರಳಿಡುವುದು, ಅವರಿಗೆ ಅಲ್ಲಿ ಸಿಗುವುದು ವಾತ, ಪಿತ್ತ, ಕಫ. ಬಡಿತ ಒಂದೇ, ಓದುವವರು ಬೇರೆ, ಅಲ್ವಾ?

ಗೋಡೆಯಲ್ಲಿ ಮನುಷ್ಯನ ದೊಡ್ಡ ಚಿತ್ರ, ಮೈತುಂಬ 12 ಗೆರೆ, ಜೀವಶಕ್ತಿ ಹರಿಯುವ ನಾಳಗಳಂತೆ. ಸುಮಾರು 2000 ವರ್ಷ ಹಳೆಯ 'ಹುವಾಂಗ್‌ದಿ ನೇಜಿಂಗ್' ಎಂಬ ಚೀನೀ ವೈದ್ಯಗ್ರಂಥದಲ್ಲಿ ಹೃದಯ ರಾಜ, ಶ್ವಾಸಕೋಶ ಮಂತ್ರಿ, ಲಿವರ್ ಸೇನಾಪತಿ, ಹೊಟ್ಟೆ ಮತ್ತು ಸ್ಪ್ಲೀನ್ ಉಗ್ರಾಣದ ಅಧಿಕಾರಿಗಳು. ಚೀನಾ ಆಗಷ್ಟೇ ಒಂದು ಸಾಮ್ರಾಜ್ಯವಾಗಿ, ಕಾಲುವೆ, ಕಣಜ, ಅಧಿಕಾರಿಗಳು ಅಂತ ನಡೆಯುತ್ತಿದ್ದ ಕಾಲ ಅದು, ಹಾಗಾಗಿ ದೇಹವೂ ಅವರಿಗೆ ಅದೇ ರೂಪದಲ್ಲಿ ಕಂಡಿದೆ. 12 ನಾಳಗಳಿಗೆ 12 ನದಿಗಳನ್ನು ಜೋಡಿಸಿದ್ದಾರೆ. ಸೂಜಿ ಚುಚ್ಚುವ ಬಿಂದುಗಳು ವರ್ಷದ ದಿನಗಳಷ್ಟೇ, 365 ಅಂದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವುದು 361. ಇನ್ನೂ ಮಜಾ ಅಂದರೆ, 1973ರಲ್ಲಿ ಚೀನಾದ ಮಾವಾಂಗ್‌ದುಯಿಯಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದರಲ್ಲಿ ಸಿಕ್ಕ ರೇಷ್ಮೆ ಬರಹಗಳಲ್ಲಿ ನಾಳಗಳು 11 ಮಾತ್ರ! ದೇಹ ಕೊಯ್ದು ಎಣಿಸಿದ ಲೆಕ್ಕ ಆಗಿದ್ದರೆ ಹೀಗೆ ಒಂದು ಕೂಡಿಕೊಳ್ಳುತ್ತಿತ್ತಾ? 'ಸಾನ್‌ಜಿಯಾವ್' ಅಂತ ಒಂದು ಅಂಗವಂತೂ, ಹೆಸರಿದೆ ಆಕಾರ ಇಲ್ಲ ಅಂತ ಅವರ ಇನ್ನೊಂದು ಹಳೇ ಗ್ರಂಥವೇ ಹೇಳುತ್ತದೆ.

ಇಷ್ಟಾದರೂ, ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂದಿನ ಎಲುಬಿನ ಹೊರಬದಿಗೆ 'ಝೂಸಾನ್‌ಲಿ' ಬಿಂದುವಿಗೆ ಸೂಜಿ ಹಾಕಿ ಮೆಲ್ಲ ತಿರುಗಿಸಿದಾಗ ಪಾದದವರೆಗೆ ಒಂದು ಭಾರ, ಜೋಮು ಹಿಡಿದ ಹಾಗೆ ಇಳಿಯಿತು. ಅದು ಕಲ್ಪನೆ ಅಲ್ಲ.

ಈಗ ದೂರು. ಡಾಕ್ಟರ್ ಇಲ್ಲದಾಗ ಅಸಿಸ್ಟೆಂಟ್ ಪಕ್ಕದ ಬೆಡ್ಡಿನ ಹೆಂಗಸಿಗೆ "ನಿಮ್ಮ ಸ್ಪ್ಲೀನ್ ವೀಕ್ ಉಂಟು" ಅಂತ ಹೇಳಿ ಹೋದಳು. ಪಾಪ ಆಕೆ ಅಲ್ಲಿಂದಲೇ ಮಗನಿಗೆ ಫೋನ್ ಮಾಡಿ ಸ್ಕ್ಯಾನಿಂಗ್ ಎಲ್ಲಿ ಮಾಡಿಸುವುದು ಅಂತ ಕೇಳುತ್ತಿದ್ದರು. ಚೀನೀ ವೈದ್ಯದ ಸ್ಪ್ಲೀನ್ ಊಟ ಜೀರ್ಣ ಮಾಡಿಸುವ ಶಕ್ತಿ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಸ್ಪ್ಲೀನ್ ರಕ್ತ ಸೋಸುವ ಅಂಗ. ಇದನ್ನು ಬಿಡಿಸಿ ಹೇಳದಿದ್ದರೆ ಸುಮ್ನೆ ಜನರನ್ನು ಹೆದರಿಸಿದ ಹಾಗೆ. ಆ ಸ್ಪ್ಲೀನ್‌ಗೆ ತೇವ ಆಗಿಬರುವುದಿಲ್ಲವಂತೆ. ಮಂಗಳೂರಿನ ಜುಲೈಯಲ್ಲಿ ಇನ್ಯಾರ ಸ್ಪ್ಲೀನ್ ಉಳಿದೀತು!

ಸೂಜಿ ಹೊಸ ಪ್ಯಾಕೆಟ್‌ನದ್ದು, ಎದುರಿಗೇ ಒಡೆಯುತ್ತಾರೆ. ಪಾರ್ಕಿಂಗ್ ಇಲ್ಲ, ಬಸ್ಸೇ ವಾಸಿ. ಗರ್ಭಿಣಿಯರು ಮೊದಲೇ ಹೇಳಿಬಿಡಿ, ಕೆಲವು ಬಿಂದುಗಳನ್ನು ಮುಟ್ಟುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ತಿರುಗಬಹುದು. ಡಾಕ್ಟರ್ ಇರುವ ಹೊತ್ತು ಕೇಳಿಕೊಂಡೇ ಹೋಗಿ.